ಕಡೆಯದೆ ಬಿಟ್ಟ ಮುಖ

ಬಾಗಿಲು ತೆಗೆದ ಕೂಡಲೇ ಎರ್ಸಿಲಿಯಾಳ ಮೂಗಿಗೆ ಸೋಪಿನ ವಾಸನೆ ಬಡಿಯಿತು. ರೋಮ್‌ಗೆ ಹತ್ತಿರದ ಕಡಲೂರಿನ ಆ ಕಟ್ಟಡ ಹಿಂದೆ ಪೋಪನ ಉಪ್ಪಿನ ಉಗ್ರಾಣವಾಗಿತ್ತು. ಮ್ಯೂಸಿಯಂ ಆಗಿ ಎಷ್ಟು ಕಾಲವಾದರೂ ಶರತ್ಕಾಲ ಬಂತೆಂದರೆ ಗೋಡೆಗಳು ಉಪ್ಪು ಬೆವರುತ್ತಿದ್ದವು. ಒಳಗೆ ಸದಾ ಕಡಲ ತೇವದ, ಹಳೇ ಸುಣ್ಣದ ವಾಸನೆ. ಅಲ್ಲಿ ಸೋಪಿಗೆ ಜಾಗವಿರಲಿಲ್ಲ. ನೆಲ ಒರೆಸುವುದಕ್ಕೂ ಸೋಪು ಬಳಸಕೂಡದೆಂದು ಸಂರಕ್ಷಕಿಯಾದ ಅವಳೇ ನಿಯಮ ಮಾಡಿದ್ದಳು.

ಅವಳು ಕೋಟನ್ನೂ ತೆಗೆಯದೆ ನೇರ ಕೊನೆಯ ಅಂಕಣಕ್ಕೆ ನಡೆದಳು. ಬೂದಿಯ ಕಲಶಗಳು, ಸತ್ತ ಮಕ್ಕಳ ಹೆಸರು ಕೊರೆದ ಸಣ್ಣ ಸಣ್ಣ ಕಲ್ಲುಗಳು, ಗೋರಿಯ ಮೇಲೆ ಒರಗಿ ಊಟ ಮಾಡುತ್ತಿರುವ ಕೈ ಮುರಿದ ವ್ಯಾಪಾರಿಯ ಪ್ರತಿಮೆ, ಎಲ್ಲವನ್ನೂ ದಾಟಿದರೆ ಅಲ್ಲಿ ನೋವಿಯಾ ಹೆಡೋನೆ ಎಂಬ ರೋಮನ್ ಹೆಂಗಸಿನ ಶವಪೆಟ್ಟಿಗೆ. ಒಂದೇ ಬಂಡೆಯಲ್ಲಿ ತೋಡಿದ ಅಮೃತಶಿಲೆಯ ಪೆಟ್ಟಿಗೆ. ಮುಂಭಾಗದ ನಡುವೆ ಒಂದು ಚಿಪ್ಪು. ಚಿಪ್ಪಿನೊಳಗೆ ಗಂಡ ಹೆಂಡತಿ ಭುಜಕ್ಕೆ ಭುಜ ತಾಗಿಸಿ ಹೊರಗೆ ನೋಡುತ್ತಿದ್ದಾರೆ. ಗಂಡನ ಮುಖವನ್ನು ಶಿಲ್ಪಿ ಪೂರ್ತಿ ಕಡೆದಿದ್ದಾನೆ, ಹಣೆಯ ಗೆರೆ, ಉಬ್ಬಿದ ಮೂಗು, ಗಲ್ಲದ ಮೇಲಿನ ನರೂಲಿ ಸಮೇತ. ಹೆಂಡತಿಯ ಸೆರಗು, ಕೂದಲು, ಕೊರಳ ಮಡಿಕೆ ಎಲ್ಲ ಮುಗಿದಿದೆ. ಮುಖ ಮಾತ್ರ ಇಲ್ಲ. ಅಲ್ಲೊಂದು ಮೊಟ್ಟೆಯಾಕಾರದ ದಿಂಡು, ಅದರ ಮೇಲೆ ಹಲ್ಲುಳಿಯ ಗೀರುಗಳು.

ಆ ದಿಂಡು ಇವತ್ತು ಬೆಳ್ಳಗಿತ್ತು. ತೊಳೆದು ಬಿಸಿಲಿಗಿಟ್ಟ ಪಾತ್ರೆಯ ಬಿಳುಪು.

ಎರ್ಸಿಲಿಯಾ ಭೂತಗನ್ನಡಿ ತೆಗೆದು ಬಾಗಿದಳು. ಎಡಗಣ್ಣು ಇರಬೇಕಾದಲ್ಲಿ ಒಂದು ಗೀರಿನ ತುದಿಗೆ ಸಾಸಿವೆಗಿಂತ ಚಿಕ್ಕ ಗುಂಡಿಯಿತ್ತು. ಆ ಗುಂಡಿಯಲ್ಲಿ ಮೊನ್ನೆಯವರೆಗೂ ಮೂರು ನೀಲಿ ಕಣಗಳಿದ್ದವು. ಅವು ಅವಳಿಗೆ ತನ್ನ ಕೈಬೆರಳಿನ ಉಗುರಿನಷ್ಟೇ ಪರಿಚಯ. ಈಗ ಗುಂಡಿ ಇತ್ತು. ಕಣಗಳು ಇರಲಿಲ್ಲ. ಪಕ್ಕದ ಗುಂಡಿಯೂ ಖಾಲಿ. ಹುಬ್ಬಿರಬೇಕಾದಲ್ಲಿನ ಇದ್ದಿಲ ಮಸಿಯೂ ಇಲ್ಲ. ಬೆರಳು ತಾಗಿಸದೆ ಬರೀ ಉಸಿರಿನ ದೂರದಲ್ಲಿ ಅವಳು ಇಡೀ ಮುಖವನ್ನು ಹುಡುಕಿದಳು.  ಭೂತಗನ್ನಡಿಯನ್ನು ಕೋಟಿನ ಜೇಬಿಗೆ ತುರುಕಿದಳು.

"ಇಲಾರಿಯೋ!"

ಕಾವಲುಗಾರ ಇಲಾರಿಯೋ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಬಂದವನು ಅವಳ ಮುಖ ನೋಡಿ ಅಲ್ಲೇ ನಿಂತ.

"ಯಾರು ಮುಟ್ಟಿದ್ದು ಇದನ್ನ?"

"ನಾನಂತೂ ಅಲ್ಲ ದೊತ್ತೊರೆಸ್ಸಾ." ಓದಿದ ಹೆಂಗಸರನ್ನು ಅಲ್ಲಿ ಕರೆಯುವುದು ಹಾಗೆ. " ನಂಗೆ ಹೇಳಿದ್ದು ಬಾಗಿಲು ತೆಗಿ ಅಂತ, ತೆಗೆದೆ. ನಿನ್ನೆ ಅಚ್ಚು ತೆಗೆಯೋ ಒರೆಸ್ತೆ ಬಂದಿದ್ದ ರೋಮ್‌ನಿಂದ, ಬಕೆಟ್ಟು ಗಿಕೆಟ್ಟು ಎಲ್ಲಾ ತಗೊಂಡು. ಡೈರೆಕ್ಟ್ರೂ ಪಕ್ಕದಲ್ಲೇ ನಿಂತಿದ್ರು."

"ನಿನ್ನೆ ಸತ್ತವರ ದಿನ, ರಜೆ."

"ಹೂಂ. ಅದಕ್ಕೇ ಯಾರೂ ಇರ್ಲಿಲ್ಲ." ಇಲಾರಿಯೋ ಕಾಫಿಯನ್ನು ಅವಳತ್ತ ಚಾಚಿದ. "ಕುಡೀರಿ, ಮುಖ ಬಿಳಿಚ್ಕೊಂಡಿದೆ."

"ನಂದಾ, ಅವಳದಾ?" ಎಂದಳು ಎರ್ಸಿಲಿಯಾ, ಕಲ್ಲಿನತ್ತ ಕೈ ತೋರಿ. ಕಾಫಿ ತೆಗೆದುಕೊಳ್ಳಲಿಲ್ಲ.

*

ಮುಖ ಕಡೆಯದೆ ಬಿಟ್ಟ ಪೆಟ್ಟಿಗೆಗಳು ರೋಮನರಲ್ಲಿ ಅಪರೂಪವಲ್ಲ. ಕಲ್ಲಿನಂಗಡಿಯವರು ಉಳಿದೆಲ್ಲ ಮುಗಿಸಿ ಮುಖವನ್ನು ಕೊಳ್ಳುವವರಿಗಾಗಿ ಬಿಟ್ಟಿರುತ್ತಿದ್ದರು. ಕೊಂಡವರಲ್ಲಿ ಕೆಲವರಿಗೆ ಆಮೇಲೆ ಸಮಯವಾಗಲಿಲ್ಲ, ಕೆಲವರಿಗೆ ಮನಸ್ಸಾಗಲಿಲ್ಲ. ನೋವಿಯಾಳ ಪೆಟ್ಟಿಗೆಯ ಅಂಚಿನ ಬರಹ ಅವಳ ಕತೆಯನ್ನು ಎರಡು ಸಾಲಿನಲ್ಲಿ ಹೇಳುತ್ತದೆ: ಗುಲಾಮಗಿರಿಯಿಂದ ಬಿಡುಗಡೆಯಾದವಳು, ಹಡಗಿನ ಹಗ್ಗ ಮಾರುತ್ತಿದ್ದ ಗಂಡ ಸತ್ತಾಗ, ತಾನಿನ್ನೂ ಬದುಕಿರುವಾಗಲೇ, ಇದನ್ನು ಅವನಿಗೂ ತನಗೂ ಮಾಡಿಸಿದಳು. ಸತ್ತ ಗಂಡನಿಗೆ ಮುಖ ಬಂತು. ಬದುಕಿದ್ದ ಹೆಂಡತಿಯದು ಹಾಗೇ ಉಳಿಯಿತು. ಮ್ಯೂಸಿಯಂನ ಹಳೆಯ ಫಲಕದಲ್ಲಿ 'ಅಪೂರ್ಣ' ಎಂದೇ ಬರೆದಿತ್ತು.

ಅದು ಅಪೂರ್ಣವಲ್ಲ ಎಂದು ಎರ್ಸಿಲಿಯಾಳಿಗೆ ಗೊತ್ತಾದದ್ದು ಜುಲೈ ತಿಂಗಳಲ್ಲಿ. ರೋಮನರು ಬಳಸುತ್ತಿದ್ದ ಈಜಿಪ್ಟಿನ ನೀಲಿಗೆ ಒಂದು ಗುಣವಿದೆ. ಅದರ ಮೇಲೆ ಕೆಂಪು ಬೆಳಕು ಬಿಟ್ಟರೆ ಅದು ಅವಕೆಂಪು ಕಿರಣವನ್ನು ಹೊರಸೂಸುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ತಕ್ಕ ಕ್ಯಾಮೆರಾಕ್ಕೆ ಕತ್ತಲಲ್ಲಿ ಮಿಂಚುಹುಳದ ಹಾಗೆ ಕಾಣುತ್ತದೆ. ಬಟ್ಟೆಯ ಅಂಚಿನಲ್ಲಿ ನೀಲಿ ಉಳಿದಿದೆಯೇ ಎಂದು ನೋಡಲು ಕಿಟಕಿಗಳನ್ನೆಲ್ಲ ಮುಚ್ಚಿ ಅವಳು ಕ್ಯಾಮೆರಾ ಹಿಡಿದಿದ್ದಳು. ಪರದೆಯ ಮೇಲೆ ಬಟ್ಟೆ ಕಪ್ಪಾಗಿಯೇ ಇತ್ತು. ಮುಖವಿಲ್ಲದ ದಿಂಡಿನ ಮೇಲೆ ಎರಡು ಕಣ್ಣು ಹೊಳೆದವು.

ಕಣ್ಣಿನ ಬಿಳಿಗೆ ತುಸು ನೀಲಿ ಬೆರೆಸುವುದು ಆ ಕಾಲದ ಬಣ್ಣಗಾರರ ರೂಢಿ. ಆದರೆ ಇದನ್ನು ಬರೆದವರು ಬಣ್ಣಗಾರರಲ್ಲ. ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದು. ತುಟಿ ಸೊಟ್ಟ. ಉಳಿಯ ಗೀರುಗಳ ಒರಟಿನ ಮೇಲೆ ಕುಂಚ ಎಡವುತ್ತ ಎಡವುತ್ತ ಹೋದದ್ದು ಕಾಣುತ್ತಿತ್ತು. ಯಾರೋ ಮನೆಯವರು, ಕಸುಬು ಗೊತ್ತಿಲ್ಲದವರು, ಶಿಲ್ಪಿ ಬಿಟ್ಟುಹೋದ ಕಲ್ಲಿನ ಮೇಲೆ ತಮ್ಮ ಕೈಯಿಂದಲೇ ಅವಳ ಮುಖ ಬರೆದಿದ್ದರು. ಬೇರೆ ಯಾವ ಮ್ಯೂಸಿಯಂನಲ್ಲೂ ಎರ್ಸಿಲಿಯಾ ಇಂಥದ್ದನ್ನು ಕಂಡಿರಲಿಲ್ಲ. ಬಣ್ಣವನ್ನು ಹಿಡಿದಿದ್ದ ಅಂಟು ಎಂದೋ ಕರಗಿಹೋಗಿತ್ತು. ಕಣಗಳು ಗುಂಡಿಗಳಲ್ಲಿ ಬರೀ ಕೂತಿದ್ದವು. ಜೋರಾಗಿ ಊದಿದರೂ ಹೋಗುವಂತಿದ್ದವು.

ಇದನ್ನೆಲ್ಲ ಅವಳು ಸೆಪ್ಟೆಂಬರಿನ ಸಭೆಯಲ್ಲಿ ಹೇಳಿದ್ದಳು. ಡೈರೆಕ್ಟರ್ ಫುಲ್ವಿಯೋ ಗ್ವಾರ್ನಾಚ್ಚಿ ಆಗಲೇ ಹೊಸ ಅಂಕಣದ ಉದ್ಘಾಟನೆಗೆ ದಿನ ಗೊತ್ತು ಮಾಡಿದ್ದರು: ನವೆಂಬರ್ ಹನ್ನೊಂದು, ಸಂತ ಮಾರ್ಟಿನೋ ಹಬ್ಬ, ಊರಿನವರೆಲ್ಲ ಹೊಸ ದ್ರಾಕ್ಷಾರಸ ಕುಡಿದು ಖುಷಿಯಲ್ಲಿರುವ ದಿನ. ಆ ದಿನಕ್ಕೆ ಪೆಟ್ಟಿಗೆಯ ಪ್ಲಾಸ್ಟರ್ ಪ್ರತಿಯೊಂದು ಬೇಕಿತ್ತು, ಕಣ್ಣಿಲ್ಲದವರು ಮುಟ್ಟಿ ನೋಡುವುದಕ್ಕೆ. ಅಂಧರ ಸಂಘದ ಪರವಾಗಿ ಸಿನ್ಯೋರಾ ಲೆಯೊನಿಲ್ದೆ ಸಭೆಗೆ ಬಂದಿದ್ದರು. ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದ, ಮಾತಿಗೆ ಮುಲಾಜಿಲ್ಲದ ಹೆಂಗಸು.

ಕಲ್ಲಿನ ಮೇಲೆ ನೇರವಾಗಿ ಅಚ್ಚು ತೆಗೆದರೆ ಬಣ್ಣ ಕಿತ್ತುಬರುತ್ತದೆ, ಬೆಳಕಿನಿಂದ ಅಳತೆ ಹಿಡಿದು ಪ್ರತಿ ಮಾಡಬಹುದು, ಅದಕ್ಕೆ ಜನವರಿಯವರೆಗೆ ಬೇಕು ಎಂದಿದ್ದಳು ಎರ್ಸಿಲಿಯಾ.

"ಯಂತ್ರದ ಪ್ರತಿ ಸೋಪಿನ ಬಿಲ್ಲೆ ಥರ ಇರುತ್ತೆ," ಎಂದಿದ್ದರು ಫುಲ್ವಿಯೋ. "ಒರೆಸ್ತೆ ಮನೆಯೋರು ಅಜ್ಜನ ಕಾಲದಿಂದ ನಮಗೆ ಅಚ್ಚು ತೆಗೀತಿರೋರು. ಅವರ ಕೈ ಕೆಲಸವೇ ಬೇರೆ."

ಲೆಯೊನಿಲ್ದೆ ಕೋಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಹೇಳಿದ್ದರು: "ಹುಟ್ಟಿದಾಗಿಂದ ಈ ಊರಲ್ಲಿದೀನಿ. ಈ ಕಲ್ಲುಗಳು ಹೇಗಿವೆ ಅಂತ ಬೇರೆಯೋರ ಬಾಯಲ್ಲಿ ಕೇಳಿದ್ದೇ ಬಂತು. ಜನವರಿವರೆಗೂ ಕಾಯೋದೇನು ದೊಡ್ಡದಲ್ಲ, ಕಾಯ್ತೀನಿ. ಆದ್ರೆ ಸೋಪಿನ ಬಿಲ್ಲೆ ಕೊಟ್ರೆ ಮನೆಗೆ ತಗೊಂಡ್ಹೋಗಿ ಸ್ನಾನಕ್ಕೆ ಇಟ್ಕೋತೀನಿ, ಹೇಳಿರ್ತೀನಿ."

ಎಲ್ಲರೂ ನಕ್ಕಿದ್ದರು. ಫುಲ್ವಿಯೋ ಕೂಡ. "ಆಯ್ತು, ಜನವರಿ," ಎಂದಿದ್ದರು.

*

ನಿನ್ನೆ ಅವಳು ಎಲ್ಲಿರುತ್ತಾಳೆಂದು ಮ್ಯೂಸಿಯಂನಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರತಿ ವರ್ಷದಂತೆ ಸಬೀನಾ ಬೆಟ್ಟದ ಮೇಲಿನ ಊರಿಗೆ, ತಾಯಿ ಸೆತ್ತಿಮಿಯಾಳನ್ನು ಕರೆದುಕೊಂಡು, ಅಪ್ಪನ ಸಮಾಧಿಗೆ. ಕಾರಿನ ತುಂಬ ಸೇವಂತಿಗೆ, ಕೆಂಪು ಗಾಜಿನ ದೀಪಗಳು, ಗೋರಿ ಉಜ್ಜುವ ಬ್ರಷ್ಷು.

ಶವಪೆಟ್ಟಿಗೆಯಿಟ್ಟು ಮುಚ್ಚಿದ ಗೋಡೆಯ ಗೂಡಿನ ಕಲ್ಲಿನ ಮೇಲೆ ಅಪ್ಪನ ಪಿಂಗಾಣಿ ಫೋಟೋ. ಅದರ ಪಕ್ಕದಲ್ಲೇ ಅಮ್ಮನ ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಗೆರೆಯಾಚೆ ಖಾಲಿ. ಫೋಟೋಕ್ಕೆಂದು ಕೊರೆದ ಖಾಲಿ ಬಾದಾಮಿಯಾಕಾರದ ಗುಳಿ. ಅಪ್ಪ ಸತ್ತಾಗ ಎರಡನ್ನೂ ಒಟ್ಟಿಗೇ ಕೆತ್ತಿಸಿದ್ದಳು ಸೆತ್ತಿಮಿಯಾ. ಅಲ್ಲಿಯ ವಿಧವೆಯರೆಲ್ಲ ಮಾಡುವುದು ಹಾಗೆಯೇ. ಸ್ವಂತ ಹೆಸರಿಗೆ ಹೂ ಇಟ್ಟು, ಧೂಳು ಒರೆಸಿ, ಪಕ್ಕದವಳ ಜೊತೆ ಬೆಲೆಯೇರಿಕೆ ಮಾತಾಡಿ ಮನೆಗೆ ಹೋಗುತ್ತಾರೆ.

"ಮೊಮ್ಮಗನ ಮದುವೇಲಿ ತೆಗೆದ ಫೋಟೋ ಮಾತ್ರ ಇಲ್ಲಿ ಹಾಕಿಸ್ಬೇಡ," ಎಂದಿದ್ದಳು ಸೆತ್ತಿಮಿಯಾ, ಗಂಡನ ಫೋಟೋವನ್ನು ಕರವಸ್ತ್ರದ ತುದಿಯಿಂದ ಉಜ್ಜುತ್ತ. "ಅದ್ರಲ್ಲಿ ಬಿಷಪ್ ಥರ ಕಾಣ್ತೀನಿ."

"ಮತ್ತೆ ಯಾವ್ದು ಹಾಕ್ಸೋದು ಮಮ್ಮಾ?"

"ಇನ್ನೂ ತೆಗೆಸಿಲ್ಲ. ನಿಂಗೇನು ಅವಸರ?"

ಎರ್ಸಿಲಿಯಾ ನಕ್ಕು ನೋವಿಯಾಳ ಕಣ್ಣಿನ ವಿಷಯ ಮತ್ತೊಮ್ಮೆ ಹೇಳಿದ್ದಳು. ಸೆತ್ತಿಮಿಯಾ ಆ ಪೆಟ್ಟಿಗೆಯನ್ನು ಬಹಳ ಸಲ ನೋಡಿದವಳು. ಅದರ ಬಗ್ಗೆ ಅವಳದೇ ಅಭಿಪ್ರಾಯಗಳಿದ್ದವು.

"ಅವಳು ಬೇಕಂತಲೇ ಮುಖ ಕೊಟ್ಟಿಲ್ಲ ಆ ಶಿಲ್ಪಿಗೆ. ಗಂಡನ ಮೂಗು ಆ ಪಾಟಿ ಮಾಡಿಟ್ಟವನ ಕೈಗೆ ಯಾವಳು ಮುಖ ಕೊಡ್ತಾಳೆ? ಆಮೇಲೆ ಸತ್ತಳು. ಮಗಳು ಬಂದು ನೋಡಿದ್ಲು, ಅಯ್ಯೋ ಅಮ್ಮನಿಗೆ ಕಣ್ಣೇ ಇಲ್ಲ. ಬಣ್ಣ ತಗೊಂಡು ಕೂತ್ಲು."

"ಮಗಳೇ ಯಾಕೆ? ಮಗ ಇರಬಾರ್ದಾ?"

"ಮಗ ಆಗಿದ್ರೆ ಕೆಲಸದೋನನ್ನ ಕರೆಸ್ತಿದ್ದ."

ಇದಕ್ಕೆ ಯಾವ ಪುರಾವೆಯೂ ಇಲ್ಲ. ಎರ್ಸಿಲಿಯಾ ಪುರಾವೆಯಿಲ್ಲದ ಮಾತನ್ನು ನಂಬುವವಳಲ್ಲ. ಆದರೂ ಇಳಿದಾರಿಯುದ್ದಕ್ಕೂ ಕಾರು ಓಡಿಸುತ್ತ ಆ ಮಗಳನ್ನೇ ಯೋಚಿಸಿದ್ದಳು: ನೆಲದ ಮೇಲೆ ಮಂಡಿಯೂರಿ, ಕುಂಚ ಹಿಡಿಯಲು ಬಾರದ ಕೈಯಲ್ಲಿ, ಒರಟು ಕಲ್ಲಿನ ಮೇಲೆ ತಾಯಿಯ ಕಣ್ಣನ್ನು ಸರಿಮಾಡಲು ಹೋಗಿ ದೊಡ್ಡದು ಮಾಡಿದವಳು.

ಈಗ, ಬೆಳ್ಳಗಾದ ಆ ದಿಂಡಿನ ಮುಂದೆ ನಿಂತು, ಅವಳು ಹೊತ್ತು ಲೆಕ್ಕ ಹಾಕಿದಳು. ಅಮ್ಮ ಅಲ್ಲಿ ಅಪ್ಪನ ಫೋಟೋ ಉಜ್ಜುತ್ತಿದ್ದಾಗಲೇ ಇಲ್ಲಿ ಒರೆಸ್ತೆ ಇದನ್ನು ಉಜ್ಜಿದ್ದ.

*

ಫುಲ್ವಿಯೋ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಅವರು ಎಂದೂ ದನಿ ಏರಿಸುವವರಲ್ಲ. ಅದೇ ಅವರ ಬಲ.

"ಕೂತ್ಕೊಳ್ಳಿ ಎರ್ಸಿಲಿಯಾ. ಅಮ್ಮ ಹೇಗಿದಾರೆ?"

"ಮುಖ ಎಲ್ಲಿ?"

"ಅಲ್ಲೇ ಇದೆಯಲ್ಲ. ಒಂದು ಚೂರೂ ಮುಕ್ಕಾಗಿಲ್ಲ, ನಾನೇ ನಿಂತು ನೋಡಿದೀನಿ."

"ಬಣ್ಣದ ಮುಖ ಎಲ್ಲಿ?"

"ಕಣ್ಣಿಗೆ ಕಾಣದೇ ಇರೋ ಬಣ್ಣ ಅದು..."

"ನಿಮ್ಮ ರಕ್ತದಲ್ಲಿರೋ ಸಕ್ಕರೆನೂ ಕಣ್ಣಿಗೆ ಕಾಣಲ್ಲ ಡೈರೆಕ್ಟ್ರೇ. ಆದ್ರೂ ನೀವು ಕಾಫಿಗೆ ಹಾಕ್ಕೊಳ್ಳಲ್ಲ."

ಫುಲ್ವಿಯೋ ಮುಗುಳ್ನಕ್ಕರು. "ನೋಡಿ, ಫೋಟೋ ನಿಮ್ಮ ಹತ್ರ ಇದೆ. ಪ್ರಕಟಿಸಿ. ಹೆಸರು ನಿಮ್ಮದೇ ಇರ್ಲಿ. ವಿಜ್ಞಾನಕ್ಕೆ ಏನೂ ನಷ್ಟ ಆಗಿಲ್ಲ."

"ಫೋಟೋ ತೋರ್ಸೋದು ನೀಲಿ ಒಂದನ್ನೇ. ಕೆಂಪು ಯಾವ ಬೇರಿಂದು, ಅಂಟು ಮೊಟ್ಟೆದಾ ಮೇಣದ್ದಾ, ಎಷ್ಟು ಸಲ ಬರೆದು ಎಷ್ಟು ಸಲ ಅಳಿಸಿದ್ರು, ಅದೆಲ್ಲ ಕಲ್ಲಿನ ಮೇಲಿತ್ತು. ಪರೀಕ್ಷೆ ಮಾಡೋಕೆ ಮುಂದಿನ ತಿಂಗಳು ಫ್ಲಾರೆನ್ಸಿನ ಲ್ಯಾಬಿನೋರು ಬರೋರಿದ್ರು. ಫೋಟೋ ಇದ್ರೆ ಸಾಕು ಅನ್ನೋದಾದ್ರೆ ಈ ಕಲ್ಲೆಲ್ಲ ಯಾಕೆ ಇಟ್ಕೊಂಡು ಕೂತಿದೀವಿ? ತಗೊಂಡ್ಹೋಗಿ ಸಮುದ್ರಕ್ಕೆ ಹಾಕೋಣ."

"ಮೇಲಿನೋರ ಒಪ್ಪಿಗೆ ತಗೊಂಡೇ ಮಾಡಿದ್ದು."

"ಬಣ್ಣ ಇದೆ ಅಂತ ಹೇಳಿದ್ರಾ ಅವರಿಗೆ?"

"ಅವರು ಕೇಳ್ಲಿಲ್ಲ."

ಎಷ್ಟು ಸಲೀಸಾಗಿ ಹೇಳಿದರೆಂದರೆ ಎರ್ಸಿಲಿಯಾಳಿಗೆ ಕ್ಷಣಕಾಲ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು. ಆಮೇಲೆ ಅವರು ತಮ್ಮ ಕೊನೆಯ ಇಸ್ಪೀಟು ಎಲೆ ಇಳಿಸಿದರು, ಮೆಲ್ಲಗೆ, ಕಾಳಜಿಯ ದನಿಯಲ್ಲಿ:

"ಸಿನ್ಯೋರಾ ಲೆಯೊನಿಲ್ದೆ ಅಂಥೋರಿಗೋಸ್ಕರ ಮಾಡಿದ್ದು ಇದು. ಕಣ್ಣಿಲ್ಲದೋರ ಕೈಗೆ ಒಂದು ಮುಖ ಸಿಗ್ಲಿ ಅಂತ. ಪ್ರತಿಯಲ್ಲಿ ಆ ಹೆಂಗಸಿನ ಮುಖಾನೂ ಪೂರ್ತಿ ಮಾಡಿಸ್ತಿದೀನಿ, ಅಂದವಾಗಿ. ಇದಕ್ಕೂ ಸಿಟ್ಟಾ ನಿಮಗೆ?"

 ಸರಿಯಾದ ಉತ್ತರವೊಂದು ಇತ್ತು, ಆದರೆ ಅದನ್ನು ಹೇಳಿದರೆ ಕುರುಡರ ವಿರುದ್ಧ ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಅವರಿಗೂ ಅದು ಗೊತ್ತಿತ್ತು.

"ಅಚ್ಚು ಎಲ್ಲಿದೆ?" ಎಂದಷ್ಟೇ ಕೇಳಿದಳು.

"ಒರೆಸ್ತೆ ಕಾರ್ಖಾನೇಲಿ. ಇವತ್ತು ಮಧ್ಯಾಹ್ನ ಪ್ಲಾಸ್ಟರ್ ಹುಯ್ತಾನೆ."

ಮೆಟ್ಟಿಲಿಳಿಯುವಾಗ ಹಳೆಯ ಪಾಠವೊಂದು ಅವಳ ತಲೆಯಲ್ಲಿ ತಾನಾಗಿ ಎದ್ದು ನಿಂತಿತು. ವಸ್ತು ಮಾಯವಾಗುವುದಿಲ್ಲ. ಕಾಲೇಜಿನ ಮೊದಲ ವಾರದಲ್ಲಿ ಕಲಿತದ್ದು. ಕಲ್ಲಿನ ಮೇಲಿಂದ ಹೋದದ್ದರಲ್ಲಿ ಒಂದಿಷ್ಟು ಸೋಪಿನ ನೀರಿನ ಜೊತೆ ಚರಂಡಿ ಸೇರಿರುತ್ತದೆ, ನಿಜ. ಆದರೆ ಅಚ್ಚಿಗೆಂದು ಬಳಿದ ಸಿಲಿಕೋನ್ ರಬ್ಬರು ಗೀರು ಗೀರಿನೊಳಗೆ ಇಳಿದು ಗಟ್ಟಿಯಾಗಿ, ಎಳೆದಾಗ ಗುಂಡಿಗಳನ್ನು ಖಾಲಿ ಮಾಡಿಕೊಂಡು ಬಂದಿರಬೇಕು. ನೋವಿಯಾಳ ಮುಖ ಈಗ ಅಚ್ಚಿನ ಒಳಮೈಗೆ ಅಂಟಿಕೊಂಡಿದೆ. ಅದರ ಮೇಲೆ ಪ್ಲಾಸ್ಟರ್ ಬಿದ್ದರೆ ಮುಗಿಯಿತು.

ಒರೆಸ್ತೆಗೆ ಫೋನ್ ಮಾಡಿದಳು. ಗಂಟೆ ಬಡಿದು ಬಡಿದು ನಿಂತಿತು. ಮತ್ತೆ ಮಾಡಿದಳು. ಆಮೇಲೆ ಕಾರು ಹತ್ತಿದಳು.

*

ಒರೆಸ್ತೆಯ ಕಾರ್ಖಾನೆ ರೋಮ್‌ನ ವೆರಾನೋ ಸ್ಮಶಾನದ ಹಿಂದಿನ ಬೀದಿಯಲ್ಲಿ, ಗೋರಿಕಲ್ಲು ಕೆತ್ತುವವರ, ಹೂವಿನವರ ಅಂಗಡಿಗಳ ನಡುವೆ. ಹಬ್ಬದ ಮರುದಿನವಾದ್ದರಿಂದ ರಸ್ತೆಯ ತುಂಬ ಮಾರಾಟವಾಗದ ಸೇವಂತಿಗೆಯ ರಾಶಿ, ಅಡ್ಡಾದಿಡ್ಡಿ ನಿಂತ ವ್ಯಾನುಗಳು. ಅವಳು ಕಾರನ್ನು ಯಾರದೋ ಬಾಗಿಲಿಗೆ ಅಡ್ಡ ನಿಲ್ಲಿಸಿ ಓಡಿದಳು. ಹಿಂದಿನಿಂದ ಹೂವಿನವಳೊಬ್ಬಳು ಅವಳ ಸತ್ತ ಹಿರಿಯರನ್ನೆಲ್ಲ ಹೆಸರಿಲ್ಲದೆ ಬೈದಳು.

ಒಳಗೆ ರೇಡಿಯೋದಲ್ಲಿ ಫುಟ್ಬಾಲಿನ ಜಗಳ. ತಲೆಯಿಂದ ಕಾಲಿನವರೆಗೆ ಬಿಳಿ ಧೂಳು ಮೆತ್ತಿಕೊಂಡ ಒರೆಸ್ತೆ ಕಲ್ಲಿನ ತೊಟ್ಟಿಯ ಮುಂದೆ ನಿಂತು, ಮಗುವಿನ ತಲೆ ತೊಳೆಯುವ ಹಾಗೆ, ಮೆತ್ತಗಿನ ಬ್ರಷ್ಷಿನಿಂದ ನೋವಿಯಾಳ ಮುಖದ ಅಚ್ಚನ್ನು ತೊಳೆಯುತ್ತಿದ್ದ.

"ಬಿಡಿ! ಕೈ ತೆಗೀರಿ ಅದ್ರಿಂದ!"

"ಮಾತೆ ಮರಿಯಾ!" ಒರೆಸ್ತೆ ಬ್ರಷ್ಷು ಬೀಳಿಸಿದ. "ಏನು ದೊತ್ತೊರೆಸ್ಸಾ, ಎಲ್ಲಿ ಬೆಂಕಿ ಬಿತ್ತು?"

"ಎಷ್ಟು ತೊಳೆದ್ರಿ?"

"ಅರ್ಧ ಆಯ್ತು. ಯಾಕೆ?"

"ಯಾಕೆ ತೊಳೀತಿದೀರಿ?"

"ಯಾಕೆ ಅಂದ್ರೆ? ಕೊಳಕು ಅಂಟಿತ್ತಮ್ಮ. ಅಚ್ಚು ಚೊಕ್ಕ ಇರ್ದಿದ್ರೆ ಪ್ಲಾಸ್ಟರ್ ಮೇಲೆ ಕಲೆ ಕೂರುತ್ತೆ. ಆಮೇಲೆ ನಿಮ್ಮ ಡೈರೆಕ್ಟ್ರು ನನ್ನ ಕಿವಿ ಹಿಂಡ್ತಾರೆ."

"ಯಾವ ಬಣ್ಣದ ಕೊಳಕು ಒರೆಸ್ತೆ?"

ಒರೆಸ್ತೆ ರೇಡಿಯೋ ಆರಿಸಿದ. ತೊಟ್ಟಿಯ ನೀರನ್ನು ನೋಡಿದ, ಅದಾಗಲೇ ಹರಿದುಹೋಗಿತ್ತು. "ಬೂದಿ ಥರ," ಎಂದ. ಸ್ವಲ್ಪ ತಡೆದು, "ಒಂದು ಕಡೆ ನೀಲಿ ಥರ," ಎಂದ. ಅವನ ಮುಖದಲ್ಲಿ ಧೂಳಿನ ಕೆಳಗೆ ಏನೋ ಇಳಿಯಿತು. ಆಮೇಲೆ ಅವನೂ ರೇಗಿದ. "ನೋಡಿ, ನನ್ನನ್ನ ಹಾಗೆ ನೋಡ್ಬೇಡಿ. ನಾನು ಕೇಳ್ದೆ. ಬಣ್ಣಗಿಣ್ಣ ಏನಾದ್ರೂ ಇದ್ಯಾ ಡೈರೆಕ್ಟ್ರೇ, ಇದ್ರೆ ನಾನು ಮುಟ್ಟಲ್ಲ ಅಂತ. ನಮ್ಮಪ್ಪ ಕಲಿಸಿದ್ದೇ ಅದು, ಮೊದ್ಲು ಕೇಳು ಅಂತ. ಯೋಚನೆ ಬೇಡ, ಸಂರಕ್ಷಕಿ ನೋಡಿದಾರೆ ಅಂದ್ರು. ನೀವು ನೋಡಿದೀರಿ ಅಂದ್ಮೇಲೆ ನಾನ್ಯಾವನು?"

"ನಾನು ನೋಡಿದೀನಿ ಅಂದ್ರಾ?"

"ನಿಮ್ಮ ಹೆಸರು ಹಿಡಿದೇ ಹೇಳಿದ್ರು."

ಫುಲ್ವಿಯೋ ಸುಳ್ಳೂ ಹೇಳಿರಲಿಲ್ಲ. ಅವಳು ನೋಡಿದ್ದು ನಿಜ. ಯಾವ ವಾಕ್ಯವನ್ನು ಎಲ್ಲಿಗೆ ನಿಲ್ಲಿಸಬೇಕೆಂದು ಬಲ್ಲವರ ಕೆಲಸ ಅದು. ಅಲ್ಲಿಯವರೆಗೆ ಅವಳ ಸಿಟ್ಟಿಗೆ ಕಲ್ಲಿನ ದುಃಖ ಬೆರೆತಿತ್ತು. ಈಗ ಅದು ಬೆರಕೆಯಿಲ್ಲದೆ ಉರಿಯಿತು.

ಒರೆಸ್ತೆ ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಒಡ್ಡಿದ. ಬೆಳ್ಳನೆಯ ಸಿಲಿಕೋನಿನ ಗುಳಿ, ಒಳಮುಖವಾದ ಮುಖ. ಬಲ ಅರ್ಧ ತೊಳೆದು ಹೊಳೆಯುತ್ತಿತ್ತು. ಎಡ ಅರ್ಧದಲ್ಲಿ, ಗೀರುಗಳ ಏಣಿನ ಮೇಲೆ, ಮಸಿಯ ಬಾಗಿದ ಎಳೆ. ಅದರ ಕೆಳಗೆ ಭೂತಗನ್ನಡಿಯಲ್ಲಿ ನೀಲಿ, ಎಂಟು ಹತ್ತು ಕಣ, ಇನ್ನೂ ಕೆಳಗೆ ತುಟಿಯ ಒಂದು ಮೂಲೆಯ ತಿಳಿಗೆಂಪು. ಕಲ್ಲಿನ ಮೇಲೆ ಬರಿಗಣ್ಣಿಗೆ ಇದು ಕಂಡದ್ದೇ ಇರಲಿಲ್ಲ. ಬಿಳಿಯ ಮೇಲೆ ಕಾಣುತ್ತಿತ್ತು. ತಗ್ಗಾದ ಮುಖವನ್ನೂ ನಮ್ಮ ಮಿದುಳು ಉಬ್ಬಿದ ಮುಖವೆಂದೇ ಓದುತ್ತದೆ. ಆದ್ದರಿಂದ ಎರ್ಸಿಲಿಯಾ ಪಕ್ಕಕ್ಕೆ ಸರಿದಾಗ ಆ ಒಂಟಿ ಕಣ್ಣೂ ಅವಳ ಜೊತೆ ಸರಿದಂತೆ ಕಂಡಿತು. 

"ದೇವ್ರೇ," ಎಂದ ಒರೆಸ್ತೆ. "ನೋಡ್ತಾಳೆ."

"ನಾನಿದನ್ನ ತಗೊಂಡ್ಹೋಗ್ತೀನಿ."

"ಡೈರೆಕ್ಟ್ರಿಗೆ ಏನು ಹೇಳ್ಲಿ?"

"ಸಂರಕ್ಷಕಿ ನೋಡಿದಾರೆ ಅಂತ ಹೇಳಿ."

*

ಫುಲ್ವಿಯೋ ಮೊದಲು ಕೇಳಿದರು, ಆಮೇಲೆ ಬೇಡಿದರು. ಅಚ್ಚು ಕೊಡಿ, ಬೇರೆ ಕಡೆ ಜೋಪಾನವಾಗಿಡೋಣ. ಕೊಡುವುದಿಲ್ಲವೇ, ನಿಮ್ಮ ಹತ್ತಿರವೇ ಇರಲಿ, ಉಗ್ರಾಣದಲ್ಲಿ, ಪೆಟ್ಟಿಗೆಯಲ್ಲಿ; ಉದ್ಘಾಟನೆ ಮುಗಿಯಲಿ, ಒಟ್ಟಿಗೆ ಕೂತು ಒಂದು ಪ್ರಬಂಧ ಬರೆಯೋಣ, 'ಹೊಸ ವಿಧಾನದಿಂದ ದೊರೆತ ಬಣ್ಣ' ಎಂದು. ಈ ಕೊನೆಯ ಮಾತು ಕೇಳಿದಾಗ ಅವಳು ಫೋನಿಟ್ಟಳು.

ಸಂತ ಮಾರ್ಟಿನೋ ದಿನ ಬೆಳಿಗ್ಗೆ, ಪ್ಲಾಸ್ಟರ್ ಪ್ರತಿಗೆಂದು ತರಿಸಿದ್ದ ಗಾಜಿನ ಕಪಾಟಿನಲ್ಲಿ ಅಚ್ಚನ್ನಿಟ್ಟು ಬೀಗ ಹಾಕಿದಳು. ಶವಪೆಟ್ಟಿಗೆಗೆ ಎದುರಾಗಿ. ಪಕ್ಕದಲ್ಲಿ ಒಂದು ಫಲಕ:

'ನೋವಿಯಾ ಹೆಡೋನೆಯ ಮುಖದಲ್ಲಿ ಉಳಿದದ್ದು ಇಲ್ಲಿದೆ. ಅವಳ ಮನೆಯವರು ಯಾರೋ ಅದನ್ನು ಎದುರಿನ ಕಲ್ಲಿನ ಮೇಲೆ ಬರೆದಿದ್ದರು. ಈ ನವೆಂಬರ್ ಎರಡರವರೆಗೂ ಅದು ಅಲ್ಲೇ ಇತ್ತು. ನಾವು ಕಿತ್ತೆವು.'

ಚೆಸ್ಟ್‌ನಟ್ ಸುಡುವ ವಾಸನೆ ಅಂಗಳದಿಂದ ಬರುತ್ತಿತ್ತು. ಜನ ಇನ್ನೂ ಒಳಗೆ ಬಂದಿರಲಿಲ್ಲ. ಫುಲ್ವಿಯೋ ಫಲಕವನ್ನು ಎರಡು ಸಲ ಓದಿದರು.

"'ನಾವು' ಅಂತ ಬರೆದಿದೀರಿ. ನೀವು ಇಲ್ಲಿ ಇರ್ಲೇ ಇಲ್ಲ."

"ನನ್ನ ಹೆಸರಿತ್ತಲ್ಲ. ನೀವೇ ಬಳಸ್ಕೊಂಡ್ರಿ."

"ತೆಗೀರಿ ಇದನ್ನ."

"ಅದೂ ನೀವೇ ತೆಗೀರಿ. ಯಾರೂ ಇಲ್ಲದ ದಿನ ನೋಡಿ ತೆಗೀರಿ."

"ಇಲಾರಿಯೋ, ಈ ಕಪಾಟನ್ನ ಒಳಗೆ ತಳ್ಳು."

ಇಲಾರಿಯೋ ಚಾವಣಿ ನೋಡಿದ. "ಬೆನ್ನು ನೋವು ಡೈರೆಕ್ಟ್ರೇ. ಮೂಳೆ ಡಾಕ್ಟ್ರು ತಳ್ಳೋ ಕೆಲಸ ಮಾತ್ರ ಬೇಡ ಅಂದಿದಾರೆ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಹಾರ, ಭಾಷಣ, ಚಪ್ಪಾಳೆ ಎಲ್ಲ ಮೊದಲ ಅಂಕಣದಲ್ಲೇ ನಡೆದವು. ಫುಲ್ವಿಯೋ ಅಂಧರಿಗಾಗಿ ಮಾಡಿಸಬೇಕಿದ್ದ ಪ್ರತಿಯ ಮಾತನ್ನು ಭಾಷಣದಿಂದ ಹೇಗೆ ಹಾರಿಸಿದರೆಂಬುದನ್ನು ಎರ್ಸಿಲಿಯಾ ಕಪಾಟಿನ ಪಕ್ಕದಲ್ಲೇ ನಿಂತು ಗಮನಿಸಿದಳು. ಬಹಳ ಸೊಗಸಾಗಿ ಹಾರಿಸಿದರು. ಆದರೆ ಸಿನ್ಯೋರಾ ಲೆಯೊನಿಲ್ದೆ ಭಾಷಣ ಮುಗಿಯಲು ಕಾದಿರಲಿಲ್ಲ. ಕೋಲು 'ಟಕ್ ಟಕ್' ಎನ್ನಿಸುತ್ತ, ಇಲಾರಿಯೋನ ತೋಳು ಹಿಡಿದು ನೇರ ಕೊನೆಗೆ ಬಂದರು.

"ಎಲ್ಲಿ ದೊತ್ತೊರೆಸ್ಸಾ ನನ್ನ ಮುಖ? ಹೋದ ತಿಂಗಳ ಕೊನೇಲಿ ಡೈರೆಕ್ಟ್ರು ಫೋನ್ ಮಾಡಿ, ಹಬ್ಬಕ್ಕೇ ರೆಡಿ ಆಗುತ್ತೆ ಅಂದಿದ್ರು. ಉಗುರು ಕತ್ತರಿಸ್ಕೊಂಡು ಬಂದಿದೀನಿ."

ಎರ್ಸಿಲಿಯಾ ಫಲಕವನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಫಲಕದಲ್ಲಿ ಇಲ್ಲದ್ದನ್ನೂ ಹೇಳಿದಳು. ಭಾಷಣ ಮುಗಿಸಿದ ಗುಂಪು ಹಿಂದೆ ಬಂದು ನಿಂತಿತು.

"ಜನವರಿವರೆಗೂ ಕಾಯ್ತೀನಿ ಅಂದಿದ್ದೆ ನಾನು," ಎಂದರು ಲೆಯೊನಿಲ್ದೆ. ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿ.

"ಅಂದಿದ್ರಿ."

"ಮತ್ತೆ ಯಾರಿಗೋಸ್ಕರ ಈ ಅವಸರ?"

"ನಿಮಗೋಸ್ಕರಾನೇ ಸಿನ್ಯೋರಾ," ಎಂದು ಫುಲ್ವಿಯೋ ಮುಂದೆ ಬಂದರು. "ನಿಮ್ಮಂಥೋರನ್ನ ಇನ್ನೂ ಕಾಯಿಸೋದು..."

"ನನ್ನ ಕುರುಡುತನಾನ ನಿಮ್ಮ ಕೊಡೆ ಮಾಡ್ಕೋಬೇಡಿ. ಮಳೆ ಬಂದ್ರೆ ನೆನೀರಿ." ಕೋಲು ನೆಲಕ್ಕೆ ಬಡಿಯಿತು. ಯಾರೋ ನಕ್ಕರು. ಆದರೆ ಲೆಯೊನಿಲ್ದೆ ಅಲ್ಲಿಗೇ ನಿಲ್ಲಿಸಲಿಲ್ಲ. ಮುಖವನ್ನು ಎರ್ಸಿಲಿಯಾಳ ಉಸಿರಿನತ್ತ ತಿರುಗಿಸಿದರು. "ನೀವೂ ಅಷ್ಟೇ. ನಿಮಗೆ ಸಿಟ್ಟು ಬಂತು, ತಗೊಂಡ್ಹೋಗಿ ಗಾಜಿನೊಳಗೆ ಇಟ್ರಿ, ಬೀಗ ಹಾಕಿದ್ರಿ. ನೋಡೋರಿಗೆ ಒಂದು ಕಣ್ಣು, ಓದೋರಿಗೆ ಒಂದು ಫಲಕ. ನಂಗೇನಿಟ್ಟಿದೀರಿ?"

 ಈ ಒಂದು ವಾರ ಎರ್ಸಿಲಿಯಾ ನೋವಿಯಾಳ ಪರವಾಗಿ, ಎಂದೋ ಸತ್ತ ಆ ಮಗಳ ಪರವಾಗಿ, ತನ್ನ ಹೆಸರಿನ ಪರವಾಗಿ ಉರಿದಿದ್ದಳು. ಈ ಹೆಂಗಸಿನ ಕೈ ಅವಳ ನೆನಪಿಗೇ ಬಂದಿರಲಿಲ್ಲ.

ಅವಳು ಹಗ್ಗದ ಬೇಲಿಯ ಕೊಂಡಿ ಬಿಚ್ಚಿದಳು. ಲೆಯೊನಿಲ್ದೆಯ ಬಲಗೈ ಹಿಡಿದು, ಶವಪೆಟ್ಟಿಗೆಯ ಮುಂದೆ ಬಗ್ಗಿಸಿ, ಬೆರಳುಗಳನ್ನು ಬಿಳಿಯ ದಿಂಡಿನ ಮೇಲೆ ಇಟ್ಟಳು. ಬರಿಗೈ, ಬೆವರು, ಎಣ್ಣೆ, ಉಪ್ಪು, ಇಪ್ಪತ್ತು ವರ್ಷದಿಂದ ಅವಳು ಕಲ್ಲಿನಿಂದ ದೂರವಿಟ್ಟದ್ದೆಲ್ಲ.

"ಬಾಚಣಿಗೆ ಎಳೆದ ಹಾಗಿದೆ," ಎಂದರು ಲೆಯೊನಿಲ್ದೆ.

"ಹಲ್ಲುಳಿ ಗೀರು. ಶಿಲ್ಪಿ ಇಲ್ಲಿಗೆ ಬಿಟ್ಟುಹೋದ."

"ಕಣ್ಣು ಎಲ್ಲಿತ್ತು?"

"ಇಲ್ಲಿ." ಅವಳು ಬೆರಳನ್ನು ಸರಿಸಿದಳು. "ಇನ್ನೊಂದು ಇಲ್ಲಿ. ಇದು ಅದಕ್ಕಿಂತ ದೊಡ್ಡದಾಗಿತ್ತು. ಬರೆದೋರಿಗೆ ಕೈ ಕೂತಿರ್ಲಿಲ್ಲ."

"ಎರ್ಸಿಲಿಯಾ!" ಫುಲ್ವಿಯೋ ಮೊದಲ ಬಾರಿಗೆ ದನಿ ಏರಿಸಿದರು. "ಕಲ್ಲನ್ನ ಮುಟ್ಟೋ ಹಾಗಿಲ್ಲ! ಎಲ್ಲರ ಮುಂದೆ ಇದೇನು?"

"ಮುಟ್ಲಿ ಬಿಡಿ," ಎಂದಳು ಅವಳು ತಿರುಗದೆಯೇ. "ಹೋಗೋದಿಕ್ಕೆ ಇನ್ನೇನೂ ಉಳಿದಿಲ್ಲ ಇಲ್ಲಿ."

 ಲೆಯೊನಿಲ್ದೆಯ ಬೆರಳು ಪಕ್ಕಕ್ಕೆ ಹೋಗಿ ಗಂಡನ ಉಬ್ಬು ಮೂಗನ್ನು ಕಂಡು, ಅದರ ಸುತ್ತ ಒಂದು ಸುತ್ತು ಬಂದು, ಮತ್ತೆ ಹೆಂಡತಿಯ ಬರಿ ಮುಖಕ್ಕೆ ಮರಳಿತು. ಎರ್ಸಿಲಿಯಾ ಆ ಮಣಿಕಟ್ಟನ್ನು ಬಿಡಲಿಲ್ಲ. ಅವಳ ಸಿಟ್ಟು ಇಳಿದಿರಲಿಲ್ಲ. 

"ಇನ್ನೂ ಸ್ವಲ್ಪ ಹೊತ್ತು," ಎಂದರು ಲೆಯೊನಿಲ್ದೆ.